ನೆಲಕ್ಕಿಟ್ಟ ಕುಂಡ

ಫೆಬ್ರವರಿ 9

ಪುಟ್ಟಿ,

ಲಕೋಟೆಯ ಮೇಲಿನ ಕೈಬರಹ ನೋಡಿದ ಕೂಡಲೇ ಒಡೆಯದೆ ಮೂಲೆಗೆಸೆಯಬೇಕೆಂದು ನಿನಗೆ ಅನಿಸಿರಬಹುದು. ಅನಿಸಿದರೆ ತಪ್ಪೇನಿಲ್ಲ. ಆದರೆ ನಾನು ಬರೆಯುತ್ತಿರುವುದು ಗಿಡಗಳ ವಿಷಯಕ್ಕೆ.

ಏಣಿಯಿಂದ ಬಿದ್ದು ಸೊಂಟದ ಮೂಳೆ ಮುರಿದುಕೊಂಡೆ. ಆಪರೇಷನ್ ಆಗಿ ಈಗ ಆರೈಕೆ ಮನೆಯಲ್ಲಿದ್ದೇನೆ. ಮಳೆ ಶುರುವಾಗುವವರೆಗೂ ಇಲ್ಲಿಂದ ಬಿಡುವುದಿಲ್ಲವಂತೆ. ಫೋನ್ ಮಾಡಬೇಡ, ಕಿವಿ ಪೂರ್ತಿ ಹೋಗಿದೆ. ಇಲ್ಲಿನ ನರ್ಸ್ ಸ್ಲೇಟಿನಲ್ಲಿ ಬರೆದೇ ನನ್ನ ಜೊತೆ ಜಗಳವಾಡುತ್ತಾಳೆ.

ಮನೆಗೆ ಬೀಗ ಬಿದ್ದಿದೆ. ನೀವಿಬ್ಬರೂ ಒಂದೇ ಕೋಣೆಯ ಬಾಡಿಗೆ ಮನೆಯಲ್ಲಿದ್ದೀರೆಂದು ಯಾರೋ ಹೇಳಿದರು. ನಮ್ಮ ಮನೆಗೆ ಬಂದು ಇರಿ. ನಿನ್ನ ಯಜಮಾನರಿಗೂ ಅನುಕೂಲ. ಹಿತ್ತಿಲ ಬಾಗಿಲು ತೆಗೆದು ಮೆಟ್ಟಿಲು ಹತ್ತಿದರೆ ಅವರು ಕಾಯುವ ನೀರಿನ ಟ್ಯಾಂಕು. ಬಾಡಿಗೆಯ ಬದಲು ಹಿತ್ತಿಲ ಶೆಡ್ಡಿನ ಗಿಡಗಳನ್ನು ನೋಡಿಕೊಂಡರೆ ಸಾಕು.

ನೀರಿನ ವಿಷಯ ಗಮನವಿಟ್ಟು ಓದು. ಇವು ಕುಡಿದದ್ದನ್ನು ಮೈಯೊಳಗೆ ಕೂಡಿಟ್ಟುಕೊಳ್ಳುವ ಗಿಡಗಳು. ಬಾಯಾರಿದರೆ ಎಲೆ ಸುಕ್ಕಾಗುತ್ತದೆ, ತಳದ ಎಲೆ ಒಣಗಿ ಕಾಗದದಂತಾಗುತ್ತದೆ. ಆಗ ಒಂದು ಲೋಟ ನೀರು ಕೊಟ್ಟರೆ ಮತ್ತೆ ತುಂಬಿಕೊಳ್ಳುತ್ತವೆ. ನೀರು ಹೆಚ್ಚಾದರೆ ಹಾಗಲ್ಲ. ಹೆಚ್ಚು ಕುಡಿದ ಗಿಡ ಮೊದಮೊದಲು ಮೈಕೈ ತುಂಬಿಕೊಂಡು ಹೊಳೆಯುತ್ತದೆ, ನೋಡಿದವರೆಲ್ಲ ಚೆನ್ನಾಗಿದೆ ಎನ್ನುತ್ತಾರೆ. ಅಷ್ಟರಲ್ಲಿ ಕೆಳಗೆ ಬೇರು ಕೊಳೆಯಲು ಶುರುವಾಗಿರುತ್ತದೆ. ಎಲೆ ಗಾಜಿನಂತೆ ಆಗಿ, ಮುಟ್ಟಿದರೆ ಉದುರಿತೆಂದರೆ ಮುಗಿಯಿತು. ಅದಕ್ಕೇ ಹೇಳುವುದು, ಅನುಮಾನ ಬಂದರೆ ಹಾಕಬೇಡ. ಕುಂಡಕ್ಕೆ ಒಂದು ಕಡ್ಡಿ ಚುಚ್ಚಿ ನೋಡು. ಮಣ್ಣು ಅಂಟಿದರೆ ಚೆಂಬು ಕೆಳಗಿಟ್ಟು ಒಳಗೆ ಹೋಗು.

ಬೀಗದ ಕೈ ಪಕ್ಕದ ಮನೆ ಬ್ಯಾಂಡ್ ಮೇಷ್ಟ್ರ ಹತ್ತಿರ ಇದೆ.

ದೊಡ್ಡಮ್ಮ


ಫೆಬ್ರವರಿ 21

ದೊಡ್ಡಮ್ಮನವರಿಗೆ ನಮಸ್ಕಾರಗಳು.

ನಿಮ್ಮ ಕಾಗದ ತಲುಪಿತು. ನಾವು ಹೋದ ಭಾನುವಾರವೇ ಬಂದೆವು. ನಿಮ್ಮ ಕೋಣೆಗೆ ಹೋಗಿಲ್ಲ, ನನ್ನ ಹಳೆಯ ಕೋಣೆಯಲ್ಲೇ ಇದ್ದೇವೆ.

ಬ್ಯಾಂಡ್ ಮೇಷ್ಟ್ರು ನನ್ನನ್ನು ಗುರುತು ಹಿಡಿಯಲಿಲ್ಲ. ಕನ್ನಡಕ ಬದಲಾಯಿಸಬೇಕಾದ ಕಣ್ಣು ಎಂದು ನೋಡಿದ ಕೂಡಲೇ ತಿಳಿಯಿತು. ನಾನು ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವುದು ನಿಮಗೆ ಗೊತ್ತಿರಲಾರದು. ಅಂಗಡಿಗೆ ಕರೆದುಕೊಂಡು ಹೋಗಿ ಹೊಸದು ಮಾಡಿಸಿಕೊಟ್ಟೆ. ಹಾಕಿಕೊಂಡು ನನ್ನ ಮುಖ ದಿಟ್ಟಿಸಿ, "ಓ, ನೀನಾ? ನನ್ನ ಕ್ಲಾರಿನೆಟ್ಟಿಗೆ ಹುರುಳಿಕಾಳು ತುಂಬಿಸಿದ್ದವಳು" ಎಂದರು. ಆಚೆ ಪಕ್ಕದ ಮನೆಗೆ ಹೊಸದಾಗಿ ಟೈಲರ್ ದಂಪತಿ ಬಂದಿದ್ದಾರೆ. ಅವರದು ಎಳೆಗೂಸು, ಹೊಲಿಗೆ ಯಂತ್ರದ ಸದ್ದು ನಿಂತರೆ ಎದ್ದು ಅಳುತ್ತದಂತೆ.

ಇವರಿಗೆ ಈ ಮನೆಗೆ ಬರಲು ಅಷ್ಟು ಮನಸ್ಸಿರಲಿಲ್ಲ. ಯಾಕೆಂದು ಕೇಳಿದೆ. "ಏನಿಲ್ಲ, ಹೋಗೋಣ" ಎಂದರು. ನಿಮ್ಮ ಮನೆ ಎಂಬ ಸಂಕೋಚ ಇರಬೇಕು.

ನೀವು ಹೇಳಿದ ಹಾಗೆಯೇ ಕಡ್ಡಿ ಚುಚ್ಚಿ ನೋಡಿ ನೀರು ಹಾಕುತ್ತಿದ್ದೇನೆ. ನಿಮ್ಮ ಆರೋಗ್ಯ ನೋಡಿಕೊಳ್ಳಿ.

ಇಂತಿ,
ಪುಟ್ಟಿ


ಮಾರ್ಚ್ 4

ಪುಟ್ಟಿ,

ನಾನು ಯಾವಾಗಿನಿಂದ ನಿನಗೆ 'ನೀವು' ಆದೆ? ನಿನ್ನ ತಾಯಿ ಹೋದ ದಿನದಿಂದ ಮದುವೆಯಾಗುವವರೆಗೂ ನನ್ನ ಸೆರಗು ಹಿಡಿದು 'ನೀನು, ತಾನು' ಎಂದೇ ಬೆಳೆದವಳು. ಇರಲಿ. ನಿನಗೆ ಹೇಗೆ ಬರುತ್ತದೋ ಹಾಗೆ ಬರೆ.

ಇಲ್ಲಿ ನನಗೆ ನಡೆಯಲು ಕಲಿಸುವವನೊಬ್ಬ ಇದ್ದಾನೆ. ಅವನಿಗೆ ಕಾಲು ಮೇಷ್ಟ್ರು ಎಂದು ಹೆಸರಿಟ್ಟಿದ್ದೇನೆ. ನಾನು ಬೈದರೆ ನಗುತ್ತಾನೆ, ಯಾಕೆಂದು ಗೊತ್ತಿಲ್ಲ, ಅವನ ಉತ್ತರ ನನಗೆ ಕೇಳುವುದಿಲ್ಲವಲ್ಲ.

ಒಂದು ಮಾತು. ನೆಲದ ಮೇಲಿನ ಸಾಲಿನಲ್ಲಿ ಕಲ್ಲುಗಿಡಗಳಿವೆ, ನೋಡಲು ಥೇಟ್ ಬೆಣಚುಕಲ್ಲಿನ ಹಾಗೆ. ಅವುಗಳಿಗೆ ಈಗ ಒಂದು ಹನಿಯೂ ಬೇಡ. ಹಳೆಯ ಎಲೆಯ ನೀರನ್ನೇ ಹೀರಿಕೊಂಡು ಹೊಸ ಎಲೆ ಬೆಳೆಯುವ ಕಾಲ. ಮೇಲಿಂದ ನೀರು ಕೊಟ್ಟರೆ ಹೊಟ್ಟೆ ಬಿರಿದು ಸಾಯುತ್ತವೆ.

ದೊಡ್ಡಮ್ಮ


ಮಾರ್ಚ್ 19

ದೊಡ್ಡಮ್ಮ,

ಇದನ್ನು ಹೇಗೆ ಬರೆಯುವುದೋ ತಿಳಿಯುತ್ತಿಲ್ಲ. ನಿಮ್ಮ ಕಲ್ಲುಗಿಡಗಳು ಒಡೆದಿವೆ. ಬೆಳಿಗ್ಗೆ ಬಾಗಿಲು ತೆಗೆದಾಗ ಒಂದರ ನಡು ಸೀಳಿಕೊಂಡು ಒಳಗಿನ ಹಸಿರು ತಿರುಳು ಕಾಣುತ್ತಿತ್ತು. ಮರುದಿನ ಪಕ್ಕದ್ದು. ಈಗ ಹಿಂದಿನ ಗೋಡೆಯ ಕಡೆ ಇಟ್ಟದ್ದೆಲ್ಲ ಹಾಗೇ ಆಗಿವೆ.

ಅದೇ ಸಾಲಿನ ದಪ್ಪೆಲೆಯ ಗಿಡಗಳು ಹೋದ ವಾರ ಎಷ್ಟು ಚೆನ್ನಾಗಿದ್ದವೆಂದರೆ ಟೈಲರ್ ಹೆಂಡತಿ ನೋಡಿ ಒಂದು ಕೊಡಿ ಎಂದು ಕೇಳಿದ್ದಳು. ಇವತ್ತು ಎಲೆಗಳ ಆಚೆ ನನ್ನ ಬೆರಳು ಕಾಣುತ್ತಿದೆ. ಮುಟ್ಟಿದರೆ ಒದ್ದೆ ಚೀಲದಂತೆ ಕೈಗೆ ಬರುತ್ತವೆ. ಒಂದನ್ನು ಕಿತ್ತು ನೋಡಿದೆ. ಬೇರು ಕಪ್ಪಾಗಿ ನಾರುತ್ತಿತ್ತು.

ವಿಚಿತ್ರವೆಂದರೆ, ಮೇಲಿನ ಹಲಗೆಯ ಗಿಡಗಳು ಸುಕ್ಕುಗಟ್ಟಿ ನೀರು ಕೇಳುತ್ತಿವೆ. ಒಂದೇ ಶೆಡ್ಡು, ಒಂದೇ ಮಣ್ಣು. ನಾನು ನೀರು ಹಾಕಿದ್ದು ಮೇಲಿನವಕ್ಕೆ ಮಾತ್ರ, ಅದೂ ನೀವು ಹೇಳಿದಷ್ಟೇ.

ಇಂತಿ,
ಪುಟ್ಟಿ


ಮಾರ್ಚ್ 27

ಪುಟ್ಟಿ,

ನೀರು ಹಾಕದೆ ಗಿಡ ನೀರು ಕುಡಿದು ಸಾಯುವುದಿಲ್ಲ. ಆ ಕಲ್ಲುಗಿಡಗಳನ್ನು ಬೀಜದಿಂದ ಬೆಳೆಸಿದ್ದೆ. ಉಗುರಿನಷ್ಟು ದೊಡ್ಡದಾಗಲು ಅವು ವರ್ಷಗಟ್ಟಲೆ ತೆಗೆದುಕೊಂಡವು.

ನೀನು ಹಾಕದಿದ್ದರೆ ನಿನ್ನ ಯಜಮಾನರು ಹಾಕಿರಬೇಕು. ಪಕ್ಕದವಳು "ಪಾಪ, ಬಾಯಾರಿರಬೇಕು" ಎಂದಿರುತ್ತಾಳೆ, ಅವರು ಹೂಂ ಎಂದು ಚೆಂಬು ಎತ್ತಿರುತ್ತಾರೆ. ಅವರ ಸ್ವಭಾವದ ಬಗ್ಗೆ ನಾನು ಹೇಳಬೇಕಾದದ್ದನ್ನು ನಿನ್ನ ಮದುವೆಗೆ ಮೊದಲೇ ಹೇಳಿದ್ದೆ. ಎದುರಿಗೆ ಯಾರು ನಿಂತರೆ ಅವರಿಗೆ ಹೂಂ ಎನ್ನುವ ಮನುಷ್ಯ. ಆಗ ನೀನು ಪೆಟ್ಟಿಗೆ ತೆಗೆದುಕೊಂಡು ಹೊರಟೆ. ಈಗ ಮತ್ತೆ ಹೊರಡಬೇಕೆನಿಸಿದರೆ ಬೀಗದ ಕೈ ಮೇಷ್ಟ್ರಿಗೆ ಕೊಟ್ಟು ಹೊರಡು.

ದೊಡ್ಡಮ್ಮ


ಏಪ್ರಿಲ್ 8

ದೊಡ್ಡಮ್ಮನವರಿಗೆ,

ನಿಮ್ಮ ಕಾಗದ ಬಂದ ದಿನವೇ ಶೆಡ್ಡಿಗೆ ಬೀಗ ಹಾಕಿದೆ. ಬೀಗದ ಕೈಯನ್ನು ದಾರದಲ್ಲಿ ಕಟ್ಟಿ ಕುತ್ತಿಗೆಗೆ ಹಾಕಿಕೊಂಡಿದ್ದೇನೆ. ಆ ದಿನದಿಂದ ನಿಮ್ಮ ಗಿಡಗಳಿಗೆ ನಾನು, ಇವರು, ಪಕ್ಕದವರು, ಯಾರೂ ಹನಿ ನೀರು ಹಾಕಿಲ್ಲ. ಆಕಾಶದಲ್ಲಿ ಮೋಡದ ತುಣುಕೂ ಇಲ್ಲ. ಬೀದಿಯ ಮರಗಳೆಲ್ಲ ಎಲೆ ಉದುರಿಸಿ ನಿಂತಿವೆ.

ಇಷ್ಟಾದರೂ ನೆಲದ ಸಾಲಿನಲ್ಲಿ ಈಗ ಒಂದೂ ಉಳಿದಿಲ್ಲ. ಎತ್ತರದ ಕಳ್ಳಿ ನೆಟ್ಟಗೆ ನಿಂತೇ ಇತ್ತು. ಮೇಲೆ ಹಸಿರಾಗಿ, ಮುಳ್ಳೆಲ್ಲ ಗಟ್ಟಿಯಾಗಿತ್ತು. ಕುಂಡ ಸರಿಸಲು ಹೋದರೆ ಇಡೀ ಗಿಡ ಬುಡದಿಂದ ಕಳಚಿ ನನ್ನ ಕಾಲ ಮೇಲೆ ಬಿತ್ತು. ಒಳಗೆ ಬರೀ ಗಂಜಿ. ಕುಂಡ ಎತ್ತಿದ ಜಾಗದಲ್ಲಿ ಕಲ್ಲುಚಪ್ಪಡಿ ದುಂಡಗೆ ಒದ್ದೆಯಾಗಿತ್ತು. ಒರೆಸಿದೆ. ಕೈ ತೊಳೆದುಕೊಂಡು ಬರುವಷ್ಟರಲ್ಲಿ ಮತ್ತೆ ಒದ್ದೆ.

ಹಿತ್ತಿಲ ಬಾಗಿಲು ಈಗ ಪೂರ್ತಿ ಮುಚ್ಚುವುದಿಲ್ಲ. ಚೌಕಟ್ಟು ಸೊಟ್ಟಗಾಗಿದೆ. ಇವರನ್ನು ಕರೆದು ತೋರಿಸಿದೆ. ಬಹಳ ಹೊತ್ತು ನೋಡಿದರು. "ಹಳೇ ಪೈಪು ಇರ್ಬೇಕು ಕಣೆ, ಸೋರ್ತಿದೆ" ಎಂದರು. ಆ ರಾತ್ರಿ ಊಟ ಮಾಡಲಿಲ್ಲ.

ಇವರ ಸ್ವಭಾವದ ಬಗ್ಗೆ ನೀವು ಬರೆದದ್ದಕ್ಕೆ ನಾನು ಉತ್ತರ ಬರೆಯುವುದಿಲ್ಲ.

ಪುಟ್ಟಿ


ಏಪ್ರಿಲ್ 15

ಪುಟ್ಟಿ,

ನಿನ್ನ ಮೇಲೆ ಸುಮ್ಮನೆ ಹರಿಹಾಯ್ದೆ. ಕಾಗದವನ್ನು ಮತ್ತೆ ಮತ್ತೆ ಓದಿದೆ. ನರ್ಸ್ ಸ್ಲೇಟಿನಲ್ಲಿ "ಯಾರಾದರೂ ಹೋಗಿಬಿಟ್ಟರಾ?" ಎಂದು ಬರೆದು ಕೇಳಿದಳು. ನನ್ನ ಮುಖ ಹಾಗಿತ್ತಂತೆ.

ಆ ಶೆಡ್ಡಿನ ಕೆಳಗೆ ಪೈಪಿಲ್ಲ. ಆ ನೆಲ ಅಗೆಸಿ, ಮರಳು ಹಾಸಿ, ಚಪ್ಪಡಿ ಕೂರಿಸಿದವಳು ನಾನು. ಅಗೆದಾಗ ಮಣ್ಣು ಬೂದಿಯ ಹಾಗೆ ಒಣಗಿತ್ತು, ಅದಕ್ಕೇ ಈ ಗಿಡಗಳಿಗೆ ಸರಿಯಾದ ಜಾಗವೆಂದು ಆರಿಸಿದ್ದೆ.

ಒಂದು ಕೆಲಸ ಮಾಡು. ಮೇಲಿನ ಹಲಗೆಯಿಂದ ಒಂದೇ ಜಾತಿಯ ಮೂರು ಗಿಡ ತೆಗೆ, ಮೂರೂ ಸುಕ್ಕಾಗಿರಬೇಕು. ಒಂದನ್ನು ಹಲಗೆಯ ಮೇಲೇ ಬಿಡು. ಇನ್ನೊಂದನ್ನು ನೆಲದಲ್ಲಿ ಇಟ್ಟಿಗೆಯ ಮೇಲಿಡು. ಮೂರನೆಯದನ್ನು ಹಿಂದಿನ ಗೋಡೆಗೆ ತಾಗಿಸಿ ನೆಲಕ್ಕೇ ಇಡು. ಯಾವುದಕ್ಕೂ ನೀರು ಬೇಡ. ಯಾವುದರ ಸುಕ್ಕು ಹೋಗುತ್ತದೆಂದು ನೋಡಿ ಬರೆ.

ಹಿಂದಿನ ಗೋಡೆಯ ಆಚೆ ಇಳಿಜಾರು, ಇಳಿಜಾರಿನ ತಲೆಯ ಮೇಲೆ ಟ್ಯಾಂಕು. ಟ್ಯಾಂಕಿನ ಗೋಡೆ ಹೇಗಿದೆ ಎಂದು ನಿನ್ನ ಯಜಮಾನರನ್ನು ಕೇಳು. ಕೇಳುವಾಗ ಅವರ ಮುಖ ನೋಡು.

ಕಾಲಿಗೆ ಏನೂ ಆಗಲಿಲ್ಲ ತಾನೇ, ಕಳ್ಳಿ ಬಿದ್ದದ್ದು?

ನಿನ್ನ ದೊಡ್ಡಮ್ಮ


ಮೇ 2

ಪ್ರೀತಿಯ ದೊಡ್ಡಮ್ಮನವರಿಗೆ,

ಇಲ್ಲಿ ನಾವೆಲ್ಲ ಕ್ಷೇಮವಾಗಿದ್ದೇವೆ. ನೀವು ಚಿಂತೆ ಮಾಡುವಂಥದ್ದು ಏನೂ ಇಲ್ಲ. ಸೋರುತ್ತಿದ್ದ ಪೈಪನ್ನು ಇವರೇ ರಿಪೇರಿ ಮಾಡಿದರು. ಶೆಡ್ಡಿನ ನೆಲಕ್ಕೆ ಸಿಮೆಂಟು ಬಳಿದಿದ್ದಾರೆ. ನೆಲ ಈಗ ಚೆನ್ನಾಗಿ ಒಣಗಿದೆ. ಟ್ಯಾಂಕಿನ ಗೋಡೆ ಗಟ್ಟಿಯಾಗಿದೆ ಎಂದು ಹೇಳಿದ್ದಾರೆ.

ನೀವು ಹೇಳಿದಂತೆ ಮೂರು ಕುಂಡ ಇಟ್ಟಿದ್ದೇನೆ. ಹಲಗೆಯ ಮೇಲಿನದು ಇನ್ನೂ ಸುಕ್ಕಾಗಿಯೇ ಇದೆ. ಇಟ್ಟಿಗೆಯ ಮೇಲಿನದು ಸ್ವಲ್ಪ ತುಂಬಿಕೊಂಡಿದೆ. ನೆಲದ ಮೇಲಿನದು ತುಂಬ ಚೆನ್ನಾಗಿದೆ, ದಪ್ಪಗೆ ಹೊಳೆಯುತ್ತಿದೆ. ತಳದ ಒಂದೆರಡು ಎಲೆ ಮಾತ್ರ ಗಾಜಿನಂತಿವೆ. ಒಟ್ಟಿನಲ್ಲಿ ಎಲ್ಲ ಚೆನ್ನಾಗಿದೆ.

ಇವರು ಈಗ ಅಂಚೆಗೆ ಹೋಗುತ್ತಿದ್ದಾರೆ. ಕಾಗದ ಅವರ ಕೈಯಲ್ಲೇ ಕಳಿಸುತ್ತಿದ್ದೇನೆ. ಇನ್ನು ಮುಂದೆ ಕಾಗದಗಳನ್ನೆಲ್ಲ ಅವರೇ ತಂದುಕೊಡುತ್ತಾರಂತೆ.

ಇಂತಿ ನಿಮ್ಮ,
ಪುಟ್ಟಿ


ಮೇ 9

ಪುಟ್ಟಿ,

ಇದನ್ನು ಮನೆಗೆ ಕಳಿಸದೆ ಕನ್ನಡಕದ ಅಂಗಡಿಗೆ ಕಳಿಸುತ್ತಿದ್ದೇನೆ. ಓದಿ ಅಲ್ಲೇ ಇಟ್ಟುಕೋ.

ನೆಲ ಒಣಗಿದೆ ಎಂದು ಬರೆದಿದ್ದೀಯ. ಅದೇ ನೆಲದ ಮೇಲಿಟ್ಟ ಗಿಡ, ಹನಿ ನೀರು ಹಾಕದೆಯೇ, ಎಲೆ ಗಾಜಾಗುವಷ್ಟು ಕುಡಿದಿದೆ ಎಂದೂ ಬರೆದಿದ್ದೀಯ. ಎರಡೂ ನಿಜವಾಗಲು ಸಾಧ್ಯವಿಲ್ಲ, ಅದು ನಿನಗೂ ಗೊತ್ತು. ಬರೆಯುವಾಗ ನಿನ್ನ ಯಜಮಾನರು ಹಿಂದೆ ನಿಂತಿದ್ದರು. ನೆಲದ ಬಗ್ಗೆ ಅವರು ಹೇಳಿದ್ದನ್ನು ಬರೆದೆ, ಗಿಡದ ಬಗ್ಗೆ ನೀನು ಕಂಡದ್ದನ್ನು ಬರೆದೆ. ಅವರಿಗೆ ಗಿಡ ಅರ್ಥವಾಗುವುದಿಲ್ಲ. ನನಗೆ ಆಗುತ್ತದೆ.

ಟ್ಯಾಂಕಿನ ನೀರು ಗೋಡೆಯ ಬುಡದಿಂದ ಇಳಿದು, ಇಳಿಜಾರಿನ ಒಳಗೊಳಗೇ ನಮ್ಮ ಹಿತ್ತಿಲಿಗೆ ಬರುತ್ತಿದೆ. ಆ ಗುಡ್ಡದ ಮಣ್ಣು ಅಷ್ಟೂ ಈಗ ನೆನೆದು ನಿಂತಿದೆ. ಬಾಗಿಲ ಚೌಕಟ್ಟು ಸೊಟ್ಟಗಾಗಿದ್ದು ಅದಕ್ಕೇ. ಮನೆ ಬಿಡು. ಸಾಮಾನು ಕಟ್ಟುತ್ತ ಕೂರಬೇಡ.

ಅವರು ನಿನ್ನ ಮೇಲೆ ಕೈ ಮಾಡಿದರಾ? ಅದೊಂದನ್ನು ಮೊದಲು ಬರೆ.

ದೊಡ್ಡಮ್ಮ


ಮೇ 14

ದೊಡ್ಡಮ್ಮಾ,

ಅಂಗಡಿಯ ಹಿಂದಿನ ಕೋಣೆಯಲ್ಲಿ, ಗಾಜು ಉಜ್ಜುವ ಯಂತ್ರದ ಪಕ್ಕ ಕೂತು ಬರೆಯುತ್ತಿದ್ದೇನೆ. ಕೈ ಮಾಡಿಲ್ಲ. ಇವರು ನನ್ನ ಮೇಲೆ ದನಿ ಕೂಡ ಎತ್ತಿದವರಲ್ಲ. ನಿನಗೆ ಅದು ಗೊತ್ತಿಲ್ಲ, ಗೊತ್ತು ಮಾಡಿಕೊಳ್ಳಲು ನೀನು ಬರಲೂ ಇಲ್ಲ.

ನೀನು ಹೇಳಿದ ಹಾಗೆ ಟ್ಯಾಂಕಿನ ಗೋಡೆಯ ಬಗ್ಗೆ ಕೇಳುವಾಗ ಮುಖ ನೋಡಿದೆ. ಅವರು ಕುಡಿಯುತ್ತಿದ್ದ ಟೀ ಲೋಟವನ್ನು ಕೆಳಗಿಟ್ಟರು, ಮತ್ತೆ ಎತ್ತಿಕೊಂಡರು, ಮತ್ತೆ ಇಟ್ಟರು. ಕಾಗದ ಬರೆಯುವಾಗ ಬಂದು ನಿಂತು, "ದೊಡ್ಡಮ್ಮನಿಗೆ ಸುಮ್ನೆ ಗಾಬರಿ ಮಾಡ್ಬೇಡ, ನೆಲ ಒಣಗಿದೆ ಅಂತ ಬರಿ" ಎಂದರು. ಸಿಮೆಂಟು ಬಳಿದದ್ದು ನಿಜ. ಅದರ ಮೇಲೂ ಆಗಲೇ ನೀರಿನ ಮಚ್ಚೆ ಎದ್ದಿದೆ.

ನಿನ್ನ ಕಾಗದ ಓದಿದ ಮೇಲೆ ಅವರನ್ನು ಶೆಡ್ಡಿಗೆ ಕರೆದುಕೊಂಡು ಹೋಗಿ, ಮೂರು ಕುಂಡಗಳನ್ನೂ ಮುಂದಿಟ್ಟು ವಿವರಿಸಿದೆ. ನೆಲದ ಮೇಲಿದ್ದ ಗಿಡದ ಎಲೆ ಮುಟ್ಟಿಸಿದೆ. ಅದು ಅವರ ಬೆರಳಿಗೆ ಅಂಟಿಕೊಂಡು ಬಂತು. ಅಲ್ಲೇ ಬೋರಲಿಟ್ಟ ಕುಂಡದ ಮೇಲೆ ಕೂತು ಅತ್ತರು.

ಹೋದ ವರ್ಷವೇ ಗೋಡೆಯ ಕೆಳಭಾಗದಲ್ಲಿ ಬಿರುಕು ಕಂಡಿದ್ದರಂತೆ. ಇವರ ಸಾಹೇಬರಿಗೆ ಹೇಳಿದರಂತೆ. ಸಾಹೇಬರು, "ರಿಪೇರಿ ಅಂದ್ರೆ ಟ್ಯಾಂಕು ಖಾಲಿ ಮಾಡ್ಬೇಕು. ಬೇಸಿಗೇಲಿ ಇಡೀ ಊರಿಗೆ ನೀರಿಲ್ಲ ಅಂದ್ರೆ ಉತ್ತರ ಕೊಡೋರು ಯಾರು, ನೀನಾ? ಸುಮ್ನೆ ಎಲ್ಲ ಸರಿ ಇದೆ ಅಂತ ವರದಿ ಕೊಡು" ಎಂದರಂತೆ. ಇವರು ಹೂಂ ಅಂದರು. ಆಮೇಲೆ ಪ್ರತಿ ತಿಂಗಳೂ ಎಲ್ಲ ಸರಿ ಇದೆ ಎಂದು ಸಹಿ ಹಾಕಿದ್ದಾರೆ. ಬಿರುಕಿಗೆ ಕದ್ದು ಸಿಮೆಂಟು ತುಂಬಿದ್ದಾರೆ. ಈಗ ಅದರಲ್ಲಿ ಕೈ ಹೋಗುತ್ತದಂತೆ.

"ಇಷ್ಟೆಲ್ಲ ಗೊತ್ತಿದ್ದೂ ನನ್ನನ್ನ ಈ ಮನೆಗೆ ಯಾಕೆ ಕರ್ಕೊಂಡು ಬಂದ್ರಿ?" ಎಂದು ಕೇಳಿದೆ.

"ಬೇಡ ಅಂದಿದ್ರೆ ಯಾಕೆ ಅಂತ ನೀನು ಕೇಳ್ತಿದ್ದೆ."

ಅಷ್ಟೇ ಅವರ ಉತ್ತರ, ದೊಡ್ಡಮ್ಮ. ನನಗೆ ಕಾರಣ ಹೇಳುವುದಕ್ಕಿಂತ ಆ ಗೋಡೆಯ ಕೆಳಗೆ ನನ್ನ ಪಕ್ಕದಲ್ಲಿ ಮಲಗುವುದು ಅವರಿಗೆ ಸುಲಭವಾಗಿತ್ತು.

ಮಳೆ ಬರುವವರೆಗೆ ತಾಳು, ಆಮೇಲೆ ಟ್ಯಾಂಕಿನ ಮಟ್ಟ ಇಳಿಸಲು ಬಿಡುತ್ತಾರೆ ಎನ್ನುತ್ತಿದ್ದಾರೆ. ನಾನು ಬಾಯಿ ಬಿಟ್ಟರೆ ಇವರ ಕೆಲಸ ಹೋಗುತ್ತದೆ, ಜೈಲೂ ಆಗಬಹುದು. ಬಿಡದಿದ್ದರೆ? ನಿನ್ನೆ ಟೈಲರ್ ಹೆಂಡತಿ ಮಗುವನ್ನು ನಮ್ಮ ಹಿತ್ತಿಲ ಕಟ್ಟೆಯ ಮೇಲೆ ಮಲಗಿಸಿದ್ದಳು, ಅಲ್ಲಿ ತಂಪಾಗಿದೆಯಂತೆ. ಎತ್ತಿಕೊಂಡು ಮುಂದಿನ ಬಾಗಿಲಿಗೆ ತಂದುಬಿಟ್ಟೆ. ಅವಳಿಗೆ ಬೇಜಾರಾಯಿತು.

ನೀನಾದರೂ ಹೇಳು, ಏನು ಮಾಡಲಿ?

ನಿನ್ನ ಪುಟ್ಟಿ


ಮೇ 19

ಪುಟ್ಟಿ,

ಮಳೆ ಬರುವವರೆಗೆ ಎನ್ನುತ್ತಾರಾ? ನೆನೆದ ಗುಡ್ಡದ ಮೇಲೆ ಮಳೆ ಬೇರೆ ಬಿದ್ದರೆ ಏನಾಗುತ್ತದೆಂದು ಅವರಿಗೇ ಗೊತ್ತಿರಬೇಕು. ಅವರು ಯೋಚಿಸಿದ ಮಾತಲ್ಲ ಅದು, ಹೆದರಿದ ಮಾತು.

ಬೀದಿಯವರಿಗೆ ಹೇಳು. ಮನೆ ಮನೆಗೂ ಹೋಗಿ ಹೇಳು. ಮಗು ಇರುವ ಮನೆಯಿಂದ ಶುರು ಮಾಡು. ನಾನು ನೀರು ಸರಬರಾಜು ಕಚೇರಿಗೂ ಬರೆದಿದ್ದೇನೆ. ಕಿವಿ ಕೇಳದ ಮುದುಕಿ, ಸತ್ತ ಗಿಡಗಳನ್ನು ಸಾಕ್ಷಿ ಇಟ್ಟುಕೊಂಡು ದೂರು ಕೊಟ್ಟಿದ್ದಾಳೆ ಎಂದು ಅವರು ನಗುವುದು ನನಗೆ ಇಲ್ಲಿಂದಲೇ ಕಾಣುತ್ತಿದೆ.

ಗಂಡನಿಗೆ ಮೊದಲು ತಿಳಿಸಿ ಆಮೇಲೆ ಹೇಳು. ಬೆನ್ನ ಹಿಂದೆ ಮಾಡಬೇಡ. ಮದುವೆಗೆ ಮೊದಲು ನಾನು ಅವರ ಬಗ್ಗೆ ನಿನ್ನ ಹತ್ತಿರ ಹೇಳಿದೆನೇ ಹೊರತು ಅವರ ಮುಖಕ್ಕೆ ಒಂದು ಮಾತೂ ಹೇಳಲಿಲ್ಲ.

ದೊಡ್ಡಮ್ಮ


ಜೂನ್ 1

ಪುಟ್ಟಿ,

ಕಾಲು ಮೇಷ್ಟ್ರು ಪತ್ರಿಕೆ ತಂದು ತೋರಿಸಿದ. ಚಿತ್ರದಲ್ಲಿ ಬೀದಿಯೇ ಇಲ್ಲ. ಒಬ್ಬರು ಸತ್ತಿದ್ದಾರೆ ಎಂದು ಹಾಕಿದ್ದಾರೆ. ಯಾರೆಂದು ಬರೆದಿಲ್ಲ.

ಅಂಗಡಿಯ ವಿಳಾಸಕ್ಕೇ ಕಳಿಸುತ್ತಿದ್ದೇನೆ. ಎರಡು ಸಾಲು ಸಾಕು. ಒಂದು ಸಾಲು ಸಾಕು.

ದೊಡ್ಡಮ್ಮ


ಜೂನ್ 12

ದೊಡ್ಡಮ್ಮಾ,

ನಾನಿದ್ದೇನೆ. ಇವರೂ ಇದ್ದಾರೆ. ಹೋದವರು ಬ್ಯಾಂಡ್ ಮೇಷ್ಟ್ರು.

ಇಷ್ಟು ದಿನ ಪೆನ್ನು ಹಿಡಿಯಲು ಆಗಲಿಲ್ಲ, ಬೈಯಬೇಡ. ಅಂಗಡಿ ಯಜಮಾನಿ ಮಹಡಿಯ ಕೋಣೆ ಬಿಟ್ಟುಕೊಟ್ಟಿದ್ದಾರೆ.

ನೀನು ಹೇಳಿದಂತೆ ಮೊದಲು ಇವರಿಗೆ ತಿಳಿಸಿದೆ. ಬೆಳಿಗ್ಗೆ ಹಲ್ಲುಜ್ಜುತ್ತಿದ್ದರು. "ಇವತ್ತು ಬೀದಿಯವರಿಗೆಲ್ಲ ಹೇಳ್ತೀನಿ" ಎಂದೆ. ಬಾಯಿ ಮುಕ್ಕಳಿಸಿ ಹೂಂ ಎಂದರು. ಟೈಲರ್ ಹೆಂಡತಿ ನನ್ನ ಮುಖ ನೋಡಿಯೇ ಮಗುವನ್ನು ಎತ್ತಿಕೊಂಡು ತವರಿಗೆ ಹೊರಟಳು. ಮಿಕ್ಕವರು ನಂಬಲಿಲ್ಲ. "ಟ್ಯಾಂಕು ಕಾಯೋರು ನಿಮ್ಮೆಜಮಾನ್ರೇ ಅಲ್ವಾ? ಅವರೇ ಸುಮ್ನಿದ್ದಾರೆ, ನಿಮಗೇನು ಕನಸು ಬಿತ್ತಾ?" ಎಂದು ಎಲ್ಲ ಮನೆಯಲ್ಲೂ ಅದೇ ಮಾತು.

ವಾಪಸ್ಸು ಬಂದು ಹೇಳಿದೆ, "ಅವರಿಗೆ ನನ್ನ ಮಾತು ಬೇಡ. ನಿಮ್ಮ ಮಾತು ಬೇಕಂತೆ." ಇವರು ತುಂಬ ಹೊತ್ತು ಹೊಸ್ತಿಲ ಮೇಲೆ ಕೂತಿದ್ದರು. ಆಮೇಲೆ ಚಪ್ಪಲಿ ಮೆಟ್ಟಿಕೊಂಡು ಬಂದರು. ರಸ್ತೆಯ ನಡುವೆ ನಿಂತು, ನೆಲ ನೋಡುತ್ತ ಹೇಳಿದರು: "ಗೋಡೆ ಬಿರುಕು ಬಿಟ್ಟಿದೆ. ಹೋದ ವರ್ಷದಿಂದ ನಂಗೊತ್ತು. ಸರಿ ಇದೆ ಅಂತ ಸಹಿ ಹಾಕಿದ್ದು ನಾನೇ. ದಯವಿಟ್ಟು ಹೊರಡಿ." ಟೈಲರ್ ಬಂದು ಕೆನ್ನೆಗೆ ಹೊಡೆದ. ಇವರು ಕದಲಲಿಲ್ಲ. ಇನ್ನೊಂದು ಬೀಳುವುದೇನೋ ಎಂಬಂತೆ ಮುಖ ಅಲ್ಲೇ ಹಿಡಿದುಕೊಂಡಿದ್ದರು. ಅದನ್ನು ನೋಡಿದ ಮೇಲೆ ಜನ ಗಂಟುಮೂಟೆ ಕಟ್ಟತೊಡಗಿದರು.

ಇವರು ಯಾರನ್ನೂ ಕೇಳದೆ ಮೆಟ್ಟಿಲು ಹತ್ತಿ, ಟ್ಯಾಂಕು ತೊಳೆಯುವಾಗ ನೀರು ಹೊರಬಿಡುವ ದೊಡ್ಡ ವಾಲ್ವನ್ನು ಪೂರ್ತಿ ತಿರುಗಿಸಿದರು. ಊರಿನ ಕುಡಿಯುವ ನೀರು ಚರಂಡಿಯಲ್ಲಿ ಹರಿದು ಹೋಯಿತು. ಸಾಹೇಬರ ಫೋನು ಬರುತ್ತಲೇ ಇತ್ತಂತೆ, ಎತ್ತಲಿಲ್ಲ.

ನಾವೆಲ್ಲ ಆಚೆ ಬೀದಿಯ ಶಾಲೆಯ ಜಗಲಿಯಲ್ಲಿದ್ದೆವು. ಮೇಷ್ಟ್ರೂ ಬಂದಿದ್ದರು. ಕ್ಲಾರಿನೆಟ್ಟಿನ ಪೆಟ್ಟಿಗೆ ತೊಡೆಯ ಮೇಲಿಟ್ಟುಕೊಂಡು ಮಕ್ಕಳಿಗೆ ಏನೋ ತಮಾಷೆ ಹೇಳುತ್ತಿದ್ದರು. ಮಧ್ಯಾಹ್ನ ನಾನು ಎಲ್ಲರಿಗೂ ಬ್ರೆಡ್ಡು ಹಂಚುತ್ತ ಬಂದಾಗ ಪೆಟ್ಟಿಗೆ ಇತ್ತು, ಅವರಿರಲಿಲ್ಲ. ಮನೆಯಲ್ಲಿ ಒಂದು ಗಳಿಗೆ ಅಡ್ಡಾಗಿ ಬರುತ್ತೇನೆ, ಇಲ್ಲಿ ಬೆನ್ನು ನೋಯುತ್ತದೆ ಎಂದು ಯಾವುದೋ ಹುಡುಗಿಯ ಹತ್ತಿರ ಹೇಳಿ ಹೋಗಿದ್ದರು. ನಾನು ರಸ್ತೆಯ ತಿರುವಿನವರೆಗೆ ಓಡಿದೆ.

ಲಾರಿಯಿಂದ ಕಲ್ಲು ಸುರಿದಂಥ ಸದ್ದು. ಆಮೇಲೆ ಸದ್ದೇ ಇಲ್ಲ. ನೀರು ಮತ್ತು ಗುಡ್ಡ ಒಟ್ಟಿಗೇ ಕೆಳಗಿಳಿದವು. ನಮ್ಮ ಮನೆ, ಶೆಡ್ಡು, ಮೇಷ್ಟ್ರ ಮನೆ, ಟೈಲರ್ ಮನೆ, ಎಲ್ಲ ಒಂದೇ ಬಣ್ಣವಾಗಿ ರಸ್ತೆಯಲ್ಲಿ ಹರಡಿಕೊಂಡವು. ಮೇಷ್ಟ್ರು ಮರುದಿನ ಸಿಕ್ಕಿದರು. ಇವರು ಟ್ಯಾಂಕಿನ ಆಚೆ ಬದಿಯಲ್ಲಿದ್ದರು. ವಾಲ್ವಿನ ಚಕ್ರ ಹಿಡಿದುಕೊಂಡೇ ನಿಂತಿದ್ದರಂತೆ, ಇಬ್ಬರು ಸೇರಿ ಬೆರಳು ಬಿಡಿಸಬೇಕಾಯಿತು.

ಈಗ ಸಾಹೇಬರು ಹೇಳುತ್ತಿರುವುದು ಕೇಳು. ಗೋಡೆ ಇನ್ನೂ ಎಷ್ಟೋ ವರ್ಷ ನಿಲ್ಲುತ್ತಿತ್ತು, ಇವರು ಒಮ್ಮೆಲೇ ನೀರು ಬಿಟ್ಟದ್ದರಿಂದಲೇ ಕುಸಿಯಿತು ಅಂತೆ. ಊರಿನಲ್ಲಿ ಅರ್ಧ ಜನ ಹಾಗೇ ನಂಬಿದ್ದಾರೆ. ನಲ್ಲಿಯಲ್ಲಿ ನೀರಿಲ್ಲ, ಕೊಡ ಹಿಡಿದು ನಿಂತವರಿಗೆ ಬೈಯಲು ಯಾರಾದರೂ ಬೇಕು. ಇವರಿಗೂ ಗೊತ್ತಾಗುತ್ತಿಲ್ಲ. "ನಾನು ವಾಲ್ವ್ ತೆಗೀದೇ ಇದ್ದಿದ್ರೆ ಮೇಷ್ಟ್ರು ಇರ್ತಿದ್ರಾ?" ಎಂದು ನನ್ನನ್ನು ಕೇಳುತ್ತಾರೆ. ಮೇಷ್ಟ್ರ ಮಗಳು ಬಂದಿದ್ದಳು. ಬೈಯಲಿಲ್ಲ. ಅಪ್ಪ ಜಗಲಿಯಲ್ಲಿ ಎಲ್ಲಿ ಕೂತಿದ್ದರು ಎಂದು ಕೇಳಿ, ಆ ಜಾಗದಲ್ಲಿ ಸ್ವಲ್ಪ ಹೊತ್ತು ಕೂತು ಹೋದಳು.

ಮುಂದಿನ ತಿಂಗಳು ವಿಚಾರಣೆ. ಇವರು ಎಲ್ಲವನ್ನೂ ಹೇಳುತ್ತಾರಂತೆ, ತಮ್ಮ ಸಹಿಯಿಂದಲೇ ಶುರು ಮಾಡಿ. ಹಾಗೆ ಹೇಳಿದರೆ ಒಳಗೆ ಹೋಗುವುದು ಖಂಡಿತ ಎಂದು ವಕೀಲರು ಹೇಳಿದರು. ಸಾಹೇಬರ ಕಡೆಯವರೊಬ್ಬರು ಬಂದು, ಸಾಹೇಬರ ಹೆಸರು ಎತ್ತದಿದ್ದರೆ ಹೇಗಾದರೂ ಪಾರು ಮಾಡುತ್ತೇವೆ ಎಂದರು. ನಾನು ಒಳಗಿನಿಂದ ಕೇಳಿಸಿಕೊಳ್ಳುತ್ತಿದ್ದೆ. ಇವರು ಹೂಂ ಎನ್ನುತ್ತಾರೆ ಎಂದುಕೊಂಡೆ, ದೊಡ್ಡಮ್ಮ. "ಆಗಲ್ಲ, ಹೋಗಿ" ಎಂದರು.

ನಿನ್ನ ಮನೆ ಉಳಿಸಲಾಗಲಿಲ್ಲ.

ನಿನ್ನ ಪುಟ್ಟಿ


ಜೂನ್ 20

ಮಗಳೇ,

ಮನೆಯ ಮಾತು ಬಿಡು. ಅದರೊಳಗೆ ನೀನಿರಲಿಲ್ಲ.

ಮೇಷ್ಟ್ರ ಸುದ್ದಿ ಓದಿ ಎರಡು ದಿನ ಯಾರ ಸ್ಲೇಟನ್ನೂ ನೋಡಲಿಲ್ಲ. ಅಷ್ಟು ವರ್ಷ ಒಂದೇ ಗೋಡೆಯ ಎರಡು ಬದಿಯಲ್ಲಿದ್ದೆವು. ನನಗೆ ಕಿವಿ ಹೋಗುವ ಮೊದಲು ಕಡೆಯದಾಗಿ ಚೆನ್ನಾಗಿ ಕೇಳಿಸಿದ್ದು ಅವರ ಬೆಳಗಿನ ವಾದ್ಯ.

ನಿನ್ನ ಗಂಡ ಕೇಳುವ ಪ್ರಶ್ನೆಗೆ ನಾನು ಇಂಜಿನಿಯರ್ ಅಲ್ಲ, ಗೋಡೆಯ ವಿಷಯ ಹೇಳಲಾರೆ. ನೆಲದ ವಿಷಯ ಹೇಳಬಲ್ಲೆ. ಆ ಗುಡ್ಡ ಕಡೇಪಕ್ಷ ಮಾರ್ಚ್ ತಿಂಗಳಿನಿಂದ ನೀರು ಕುಡಿಯುತ್ತಿತ್ತು. ಅವನು ವಾಲ್ವ್ ತೆಗೆದದ್ದು ಮೇ ಕೊನೆಯಲ್ಲಿ. ಹೊರಗಿನಿಂದ ನೋಡಿದವರಿಗೆ ಕಳ್ಳಿಯೂ ಬೀಳುವ ದಿನದವರೆಗೆ ನೆಟ್ಟಗೇ ಇತ್ತು. ಇದನ್ನು ನಾನು ವಿಚಾರಣೆಯಲ್ಲಿ ನಿಂತು ಹೇಳುತ್ತೇನೆ. ನಿಲ್ಲಲಾಗದಿದ್ದರೆ ಕೂತು ಹೇಳುತ್ತೇನೆ. ಕಾಲು ಮೇಷ್ಟ್ರು ರೈಲಿನವರೆಗೂ ಬಂದು ಹತ್ತಿಸುತ್ತಾನಂತೆ.

ಇನ್ನೊಂದನ್ನೂ ಹೇಳುತ್ತೇನೆ, ಅದನ್ನು ಅವನಿಗೆ ಈಗಲೇ ತಿಳಿಸಿಬಿಡು. ಒಂದು ವರ್ಷದ ಹಿಂದೆಯೇ ರಸ್ತೆಯಲ್ಲಿ ನಿಂತು ಆ ಮಾತು ಆಡಿದ್ದರೆ ಮೇಷ್ಟ್ರು ಇವತ್ತು ಇರುತ್ತಿದ್ದರು. ಅದಕ್ಕೆ ಏನು ಶಿಕ್ಷೆಯೋ ಅದನ್ನು ಅವನು ಅನುಭವಿಸಲಿ. ಸಾಹೇಬನ ಪಾಲಿನದನ್ನು ಮಾತ್ರ ಅವನು ಹೊರಬೇಕಾಗಿಲ್ಲ. ಆ ಮಟ್ಟಿಗೆ ನಾನು ಅವನ ಪಕ್ಕದಲ್ಲಿ ಕೂರುತ್ತೇನೆ.

ಉಟ್ಟ ಬಟ್ಟೆಯಲ್ಲೇ ಉಳಿದಿರುತ್ತೀರಿ ನೀವಿಬ್ಬರೂ. ವಿಚಾರಣೆಗೆ ಅವನು ಯಾರೋ ಕೊಟ್ಟ ಜೋಲುವ ಅಂಗಿಯಲ್ಲಿ ಹೋಗಬಾರದು. ಇಲ್ಲಿ ಎದುರಿಗೇ ಒಳ್ಳೆಯ ಬಟ್ಟೆ ಅಂಗಡಿಯಿದೆ. ಇವತ್ತು ಕೋಲೂರಿಕೊಂಡು ಒಬ್ಬಳೇ ರಸ್ತೆ ದಾಟಿ ಹೋಗಿದ್ದೆ. ತಿಳಿ ಬೂದಿ ಬಣ್ಣದ್ದೊಂದನ್ನು ಆರಿಸಿಯೂ ಆಯಿತು. ಅಂಗಡಿಯವನು ಕಾಗದದಲ್ಲಿ ಬರೆದು ಕತ್ತಿನ ಅಳತೆ ಎಷ್ಟು, ತೋಳು ಎಷ್ಟು ಎಂದು ಕೇಳಿದ. ನಿನ್ನ ಗಂಡ ಎತ್ತರವೋ ಕುಳ್ಳೋ ಎಂಬುದೂ ನನಗೆ ನೆನಪಾಗಲಿಲ್ಲ.

ಅಳತೆ ಬರೆದು ಕಳಿಸು.

ದೊಡ್ಡಮ್ಮ